ಅಣ್ಣನ ಕಾರಿನ ಗರಗರ

ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಕಿವಿ’ ಎಂದು. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದನೆಂದರೆ ಕಾಯಿಲೆ ಎಲ್ಲಿದೆ ಎಂದು ಹೇಳಿಯೇ ಬಿಡುತ್ತಿದ್ದ. ಜೊತೆಗೆ ಪುಕ್ಕಟೆ ಬುದ್ಧಿವಾದ: “ಮೊದಲು ಏಸಿ ಆಫ್ ಮಾಡಿ, ಆಮೇಲೆ ಇಂಜಿನ್ ಆಫ್ ಮಾಡಿ.” ಕೇಳಿದವರು ತಲೆಯಾಡಿಸುತ್ತಿದ್ದರು, ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಿದ್ದರು. ಅವನ ಅಣ್ಣ ಮಾತ್ರ ತಲೆಯಾಡಿಸುವ ಸೌಜನ್ಯವನ್ನೂ ತೋರಿದವನಲ್ಲ. “ಕೀಲಿ ತಿರುಗಿಸಿದ್ರೆ ಎಲ್ಲಾ ಒಟ್ಟಿಗೇ ನಿಲ್ಲುತ್ತಲ್ಲೋ, ಅದಕ್ಕೇನು ಮೆರವಣಿಗೆ?” ಎಂದು ನಗುತ್ತಿದ್ದ.

ಆ ಅಣ್ಣ ಸತ್ತು ಕೆಲವು ವಾರಗಳಾಗಿದ್ದವು. ಕಚೇರಿಯ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಏಳಲಿಲ್ಲ. ಅಮ್ಮ ಆಗ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳು. ಅವಳ ಹೃದಯವೂ ಅಷ್ಟಕ್ಕಷ್ಟೇ, ಸ್ವಲ್ಪ ಚೇತರಿಸಿಕೊಳ್ಳುವ ತನಕ ಇಂಥ ಸುದ್ದಿ ಬೇಡ ಎಂದರು ಡಾಕ್ಟರು. ಹಾಗಾಗಿ ಎಲ್ಲವೂ ಅವಳಿಗೆ ತಿಳಿಯದೆ ಮುಗಿದುಹೋಯಿತು. ಮನೆಗೆ ಕರೆತಂದ ಮೇಲೆ ಅತ್ತಿಗೆ ಒಂದು ಸುಳ್ಳು ಕಟ್ಟಿದಳು: ದೊಡ್ಡವನಿಗೆ ಬಿಡದ ಕೆಮ್ಮು, ಅಮ್ಮನಿಗೆ ಅಂಟಬಾರದೆಂದು ಕೋಣೆಗೆ ಬರುತ್ತಿಲ್ಲ.

ಸುಳ್ಳಿಗೊಂದು ಸಾಕ್ಷಿ ಬೇಕಲ್ಲ, ಅದು ಅಣ್ಣನ ಕಾರು. ಏಸಿ ಹಾಕಿದರೆ ಸಾಕು, ಅದರ ಕಂಪ್ರೆಸರ್ ಗರಗರ ಎಂದು ಇಡೀ ಬೀದಿಗೆ ಕೇಳಿಸುವಂತೆ ಅರಚುತ್ತಿತ್ತು. ಕಾರು ನಿಲ್ಲುತ್ತಿದ್ದದ್ದು ಅಮ್ಮನ ಕೋಣೆಯ ಗೋಡೆಗೆ ಒತ್ತಿಕೊಂಡೇ. ಹಾಸಿಗೆಯಿಂದ ಏಳಲಾರದ ಅವಳಿಗೆ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ, ಕೇಳುವುದಷ್ಟೇ. ಹಾಗಾಗಿ ಪ್ರತಿ ಸಂಜೆ ಅವನು ಅಣ್ಣನ ಕಾರನ್ನು ಮನೆಗೆ ತರುತ್ತಿದ್ದ. ಥಂಡಿ ಗಾಳಿ ಬೀಸುತ್ತಿದ್ದರೂ ಬೀದಿಯ ತಿರುವಿನಲ್ಲಿ ಏಸಿ ಹಾಕುತ್ತಿದ್ದ. ಒಳಗೆ ಹೋದರೆ ಅಮ್ಮ ಕೇಳುತ್ತಿದ್ದಳು, “ದೊಡ್ಡೋನು ಬಂದ್ನಾ?” “ಬಂದ.” “ಸರಿ, ಉಣ್ಣಲಿ.” ಅಷ್ಟೇ. ಬಾಗಿಲ ಹತ್ತಿರ ನಿಂತು ಮುಖ ತೋರಿಸಿ ಹೋಗಲಿ ಎಂದು ಅವಳು ಒಂದು ದಿನವೂ ಹಟ ಹಿಡಿಯಲಿಲ್ಲ. ಸದ್ಯ ಬದುಕಿದೆವು ಎಂದುಕೊಂಡರು ಅತ್ತಿಗೆ, ಮೈದುನ.

ಅವನು ಅತ್ತಿರಲಿಲ್ಲ. ಅಳು ಬರುತ್ತದೆಂದು ಕಾದ, ಬರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಹತ್ತುತ್ತಿತ್ತು, ಅದೇ ಅವನಿಗೆ ಹೇಸಿಗೆಯಾಗುತ್ತಿತ್ತು. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಮರಗಟ್ಟಿತ್ತು.

ಒಂದು ದಿನ ಬೆಳಿಗ್ಗೆ ಏಸಿ ಹಾಕಿದಾಗ ಸದ್ದು ಬದಲಾಗಿತ್ತು. ಗರಗರದ ನಡುವೆ ಟಣ್ ಟಣ್ ಎಂಬ ಹೊಡೆತ ಸೇರಿಕೊಂಡಿತ್ತು. ಹೀಗೇ ಬಿಟ್ಟರೆ ಬೆಲ್ಟು ಹರಿದು ಕಾರು ನಡುರಸ್ತೆಯಲ್ಲಿ ಕೂರುವುದು ಗ್ಯಾರಂಟಿ. ಕಾರು ಬಾರದ ಸಂಜೆ ಅಮ್ಮನಿಗೆ ಏನು ಹೇಳುವುದು? ರಿಪೇರಿ ಮಾಡಿದರೆ ಸದ್ದೇ ಇರುವುದಿಲ್ಲ. ಆಗ ಏನು ಹೇಳುವುದು?

ಮಧ್ಯಾಹ್ನ ಕಾರನ್ನು ಗ್ಯಾರೇಜಿನ ಮೂಲೆಗೆ ಹಾಕಿ ಬಾನೆಟ್ ಎತ್ತಿದ. ಏಸಿ ಇಲ್ಲದೆ ಇಂಜಿನ್ ಓಡಿಸಿದ. ಸದ್ದಿಲ್ಲ, ಅಂದರೆ ಬೆಲ್ಟು ಸುತ್ತುವ ಪುಲ್ಲಿಯ ಬೇರಿಂಗ್ ಚೆನ್ನಾಗಿದೆ. ಏಸಿ ಹಾಕಿದ. ಟಕ್ ಎಂದು ಕಂಪ್ರೆಸರಿನ ಕ್ಲಚ್ ಕಚ್ಚಿಕೊಂಡಿತು, ಗರಗರ ಶುರುವಾಯಿತು. ಸ್ಕ್ರೂಡ್ರೈವರನ್ನು ಕಂಪ್ರೆಸರಿನ ಮೈಗೆ ಊರಿ ಕಿವಿಗೊಟ್ಟ. ಒಳಗೆ ನುಣ್ಣಗೆ ತಿರುಗುತ್ತಿದೆ. ತುದಿಯನ್ನು ಕೆಳಗೆ, ಅದನ್ನು ಇಂಜಿನ್ನಿಗೆ ಹಿಡಿದಿಟ್ಟ ಬ್ರಾಕೆಟ್ಟಿಗೆ ಸರಿಸಿದ. ಕಿವಿ ಕಿತ್ತುಹೋಗುವಂತೆ ಹೊಡೆಯಿತು. ಕಂಪ್ರೆಸರಿನದೇನೂ ತಪ್ಪಿಲ್ಲ. ಬೋಲ್ಟು ಸಡಿಲಾಗಿ, ತೂತು ಸವೆದು ಅಗಲವಾಗಿ, ಏಸಿ ಹಾಕಿದಾಗಲೆಲ್ಲ ಅದು ಜಾಗದಲ್ಲೇ ಕುಣಿಯುತ್ತಿದೆ.

ಬೋಲ್ಟು ಬಿಚ್ಚಿ ಬ್ರಾಕೆಟ್ ಎಳೆದಾಗ ಸಂದಿನಿಂದ ಏನೋ ಕೆಳಗೆ ಬಿತ್ತು. ಹೆಕ್ಕಿ, ಗ್ರೀಸು ಒರೆಸಿ ನೋಡಿದ. ಹವಾಯಿ ಚಪ್ಪಲಿಯ ಹಿಮ್ಮಡಿಯಿಂದ ಕತ್ತರಿಸಿದ ನೀಲಿ ರಬ್ಬರಿನ ತುಂಡು. ಅಣ್ಣನ ಘನಕಾರ್ಯ! ತಮ್ಮ ಮೆಕ್ಯಾನಿಕ್, “ಗಾಡಿ ತಗೊಂಡು ಬಾರೋ” ಎಂದು ಅವನು ಬಾಯಿ ಬಡಿದುಕೊಂಡರೆ, ಈ ಮಹಾಶಯ “ನಾಳೆ ತರ್ತೀನಿ” ಎನ್ನುತ್ತಲೇ ಸದ್ದು ಅಡಗಿಸಲು ಕದ್ದು ಚಪ್ಪಲಿ ತುರುಕಿದ್ದಾನೆ. ತರುತ್ತೇನೆಂದ ನಾಳೆಗಳೆಲ್ಲ ಹಾಗೇ ಹೋದವು. ಈಗಲಾದರೂ ಅಳು ಬಂದೀತೆಂದು ತುಂಡನ್ನು ಹಿಡಿದು ಸ್ವಲ್ಪ ಹೊತ್ತು ನಿಂತ. ಬರಲಿಲ್ಲ. ಅದನ್ನು ಜೇಬಿಗೆ ಹಾಕಿಕೊಂಡ.

ಬ್ರಾಕೆಟ್ ಬಿರುಕು ಬಿಟ್ಟಿತ್ತು, ಹೊಸದನ್ನು ಹಾಕಿದ. ಅಷ್ಟರಲ್ಲಿ ಉಪಾಯ ಹೊಳೆದಿತ್ತು: ಒಂದು ಬೋಲ್ಟನ್ನು ಅರೆಬರೆ ಬಿಗಿದರೆ ಸಾಕು, ಇನ್ನೊಂದಷ್ಟು ದಿನ ಗರಗರ ಉಳಿಯುತ್ತದೆ. ಹಾಗೆ ಅಂದುಕೊಂಡೇ ಸ್ಪ್ಯಾನರ್ ಹಿಡಿದ. ಆದರೆ ಬೋಲ್ಟು ಬಿಗಿಯುವಾಗ ಮನಸ್ಸನ್ನು ಕೇಳಿ ಅಭ್ಯಾಸವಿಲ್ಲದ ಕೈಗಳು ಅವು. ಎಲ್ಲ ಬೋಲ್ಟುಗಳನ್ನೂ ಒಂದೇ ಸಮ ಬಿಗಿದು, ಮತ್ತೊಮ್ಮೆ ಎಳೆದು ನೋಡಿ, ಬಟ್ಟೆಯಿಂದ ಒರೆಸಿಟ್ಟವು. ಅವನಿಗೆ ಅದು ಗೊತ್ತಾದದ್ದು ಸಂಜೆ ಬೀದಿಯ ತಿರುವಿನಲ್ಲಿ ಏಸಿ ಹಾಕಿದಾಗ. ತಣ್ಣನೆಯ ಗಾಳಿ ಬಂತು. ಬೇರೇನೂ ಕೇಳಿಸಲಿಲ್ಲ.

ಹಿಂದಿರುಗುವಂತಿರಲಿಲ್ಲ, ಹಿಂದಿನ ಗಾಡಿ ಹಾರನ್ ಹೊಡೆಯುತ್ತಿತ್ತು. ಗೋಡೆಯ ಪಕ್ಕ ಕಾರು ನಿಲ್ಲಿಸಿ, ಏಸಿ ಆರಿಸಿ, ಇಂಜಿನ್ ಆರಿಸಿ ಒಳಗೆ ಹೋದ. ಅತ್ತಿಗೆ ಗಾಬರಿಯಿಂದ ಬಂದಳು.

“ಇದೇನು, ಗಾಡಿ ಬಂದಿದ್ದೇ ಗೊತ್ತಾಗ್ಲಿಲ್ಲ? ಸದ್ದೆಲ್ಲಿ?”

“ಸರಿಯಾಗ್ಬಿಡ್ತು ಅತ್ತಿಗೆ.”

“ಚಿಕ್ಕೋನೇ,” ಎಂದು ಅಮ್ಮ ಒಳಗಿನಿಂದ ಕರೆದಳು. “ಬಾ ಇಲ್ಲಿ.”

ಅವನು ಹೋಗಿ ಮಂಚದ ತುದಿಯಲ್ಲಿ ಕುಳಿತ. ಅತ್ತಿಗೆ ಬಾಗಿಲಲ್ಲೇ ನಿಂತಳು.

“ರಿಪೇರಿ ಮಾಡಿದ್ಯಾ?”

“ಹೂಂ. ಅಣ್ಣ ತಂದುಕೊಟ್ಟಿದ್ದ, ಅದಕ್ಕೇ...”

“ಸಾಕು ಬಿಡಪ್ಪ,” ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ದೊಡ್ಡೋನು ಬಂದ್ರೆ ಗರಗರಾನೂ ಇಂಜಿನ್ನೂ ಒಟ್ಟಿಗೇ ನಿಲ್ತಿತ್ತು. ನಾನು ಆಸ್ಪತ್ರೆಯಿಂದ ಬಂದ ಸಂಜೆ ಗರಗರ ಮೊದಲು ನಿಲ್ತು. ಸ್ವಲ್ಪ ಹೊತ್ತಾದ್ಮೇಲೆ ಇಂಜಿನ್ ನಿಲ್ತು. ಹಾಗೆ ಮಾಡೋನು ಈ ಮನೇಲಿ ನೀನೊಬ್ನೇ. ಮಾರನೇ ದಿನಾನೂ ಹಾಗೇ. ಎಂಥ ಕೆಮ್ಮು ಬಂದ್ರೂ ಅವನು ತನ್ನ ಗಾಡಿ ಕೀಲಿ ನಿನ್ನ ಕೈಗೆ ಕೊಡೋನಾ?”

ಬಾಗಿಲಲ್ಲಿ ಅತ್ತಿಗೆ ಸೆರಗನ್ನು ಬಾಯಿಗೊತ್ತಿಕೊಂಡಳು.

“ಗೊತ್ತಿದ್ದೂ ಯಾಕಮ್ಮ ಕೇಳ್ಲಿಲ್ಲ?” ಎಂದ ಅವನು.

“ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ.”

ಅಮ್ಮ ಚಾವಣಿ ನೋಡುತ್ತಾ ಮುಂದುವರಿಸಿದಳು, “ಬೀದಿ ತಿರುವಿಂದ ನಮ್ಮ ಗೋಡೆ ತನಕ, ಗರಗರ ಅಂತಿರೋವರೆಗೆ ಅವನೇ ಬರ್ತಿದ್ದ. ನೀನು ಏಸಿ ಆಫ್ ಮಾಡಿದ್ಮೇಲೆ ತಾನೇ ಅವನು ಹೋಗ್ತಿದ್ದಿದ್ದು. ಅಷ್ಟು ಸಾಕಾಗಿತ್ತು ನಂಗೆ.”

ಅವನು ಜೇಬಿಗೆ ಕೈ ಹಾಕಿ ರಬ್ಬರಿನ ತುಂಡನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. “ಇದನ್ನ ಇಂಜಿನ್ ಸಂದಿಗೆ ತುರುಕಿದ್ದ.”

ಅಮ್ಮ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. “ನನ್ನ ಬಚ್ಚಲುಮನೆ ಚಪ್ಪಲಿ! ನಾಯಿ ಕಚ್ಕೊಂಡು ಹೋಯ್ತು ಅಂದಿದ್ದ. ಕಳ್ಳ! ಆ ಬಡಪಾಯಿ ನಾಯಿಗೆ ಎಷ್ಟು ಬೈದಿದ್ದೆ ನಾನು.” ಅವಳು ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು, ತುಂಡನ್ನು ಕೈಯಲ್ಲಿ ಮುಚ್ಚಿ ಹಿಡಿದಳು.

ಅವನು ಆ ಕೈಯನ್ನು ತನ್ನೆರಡು ಕೈಗಳಲ್ಲೂ ಹಿಡಿದುಕೊಂಡ. ಇಷ್ಟು ದಿನ ಅಮ್ಮನಿಂದ ಮುಚ್ಚಿಡಬೇಕೆಂಬ ನೆಪದಲ್ಲಿ ಆ ಮಾತನ್ನು ತಾನೂ ಒಂದು ಸಲವಾದರೂ ಬಾಯಿ ಬಿಟ್ಟು ಆಡಿರಲಿಲ್ಲವೆಂದು ಅವನಿಗೆ ಹೊಳೆದದ್ದು ಆಗಲೇ.

“ಅಮ್ಮಾ,” ಎಂದ. “ಅಣ್ಣ ಹೋಗ್ಬಿಟ್ಟ.”

“ಹೂಂ ಕಣೋ,” ಎಂದಳು ಅಮ್ಮ. ಆಗ ಅವನಿಗೆ ಅಳು ಬಂತು.