ಇಬ್ಬರಿಗಾಗುವಷ್ಟು ಆಳ

ಗಂಡನ ಗೋರಿಯ ಮೇಲಿನ ಹುಲ್ಲನ್ನು ಯಾರೋ ಚಾಪೆಯಂತೆ ಸುತ್ತಿ ಪಕ್ಕಕ್ಕಿಟ್ಟಿದ್ದರು. ಮ್ಯೂರಿಯಲ್ ಎಂದಿನಂತೆ ಗುರುವಾರದ ಹೂ ಹಿಡಿದು ಚರ್ಚಿನ ಅಂಗಳಕ್ಕೆ ಬಂದಾಗ ಗುಂಡಿ ಆಗಲೇ ಎದೆಮಟ್ಟ ಇಳಿದಿತ್ತು. ಒಳಗೆ ರೆಜ್ ನಿಂತಿದ್ದ. ಊರಿನ ಗುಂಡಿಗಳನ್ನೆಲ್ಲ ತೋಡುವವನು ಅವನೇ.

"ಏನು ಮಾಡ್ತಿದ್ದೀಯ ರೆಜ್?"

"ಹನ್ನೊಂದಕ್ಕೆ ಪೆಟ್ಟಿಗೆ ಬರುತ್ತಲ್ಲ, ಮಿಸೆಸ್ ಪೆನ್‌ಫೋಲ್ಡ್." ಅವಳ ಮುಖ ನೋಡಿ ಅವನು ಸಲಿಕೆ ಕೆಳಗಿಟ್ಟ. "ನಿಮಗೆ ಹೇಳಿಲ್ವಾ? ಹೇಳಿದೀವಿ ಅಂದ್ರಲ್ಲ."

"ಯಾರದ್ದು?"

"ಡಾಫ್ನಿದು."

ಡಾಫ್ನಿ ಸೆಡ್ರಿಕ್‌ನ ಮೊದಲ ಹೆಂಡತಿ. ಮಗಳು ಹಿಲರಿಗೆ ಹದಿನಾಲ್ಕಾಗಿದ್ದಾಗ ಹೋಟೆಲಿನವನೊಬ್ಬನ ಜೊತೆ ಕಡಲ ತೀರಕ್ಕೆ ಹೊರಟುಹೋದವಳು. ಆಮೇಲೆ ಸೆಡ್ರಿಕ್‌ನನ್ನು ಮದುವೆಯಾಗಿ ಇಪ್ಪತ್ತಾರು ವರ್ಷ ಬಾಳಿದವಳು, ಅವನ ಕಾಯಿಲೆಯಲ್ಲಿ ಹಾಸಿಗೆ ಒಗೆದವಳು ಮ್ಯೂರಿಯಲ್.

ಊರನ್ನು ಸುತ್ತುವರಿದು ನಿಂತ ಪುರಾತನ ಕಲ್ಲುಗಳ ವೃತ್ತದೊಳಗೆ ಹೊಸದಾಗಿ ಒಂದು ಗೇಣು ನೆಲ ಅಗೆಯಲೂ ಸರ್ಕಾರ ಬಿಡುತ್ತಿರಲಿಲ್ಲ. ಇದ್ದ ಗೋರಿಯನ್ನು ಮತ್ತೆ ತೆರೆಯಬಹುದಿತ್ತು, ಅಷ್ಟೆ. ಉಳಿದವರಿಗೆಲ್ಲ ಹತ್ತು ಮೈಲಿ ಆಚೆ, ಹೆದ್ದಾರಿ ಪಕ್ಕದ ಸ್ಮಶಾನ. ಸೆಡ್ರಿಕ್‌ಗೆ ಅವನ ಅಪ್ಪನ ಗೋರಿಯನ್ನೇ ತೆರೆಸಿ, ಮೇಲೆ ಇನ್ನೊಬ್ಬರಿಗೆ ಜಾಗ ಉಳಿಯುವಷ್ಟು ಆಳಕ್ಕಿಳಿಸಿದ್ದರು. ಆ ಜಾಗ ತನ್ನದೆಂದುಕೊಂಡೇ ಮ್ಯೂರಿಯಲ್ ಒಂಬತ್ತು ವರ್ಷದಿಂದ ಅಲ್ಲಿ ಹುಲ್ಲು ಕತ್ತರಿಸುತ್ತಿದ್ದಳು.

ಅವಳು ರಸ್ತೆ ದಾಟಿ ಊರಿನ ಹಾಲ್‌ಗೆ ನಡೆದಳು. ಒಳಗೆ ಪ್ರೂಡೆನ್ಸ್ ಸಂಸ್ಕಾರದ ನಂತರದ ಚಹಾಕ್ಕೆ ಕಪ್ಪುಗಳನ್ನು ಜೋಡಿಸುತ್ತಿದ್ದಳು. ಮೇಜಿನ ನಡುವೆ ಮ್ಯೂರಿಯಲ್‌ಳದೇ ಎರಡು ನಿಂಬೆ ಕೇಕು. ಹೊರಗಿನವರದ್ದೊಂದು ಶವಸಂಸ್ಕಾರ ಇದೆ, ನಿನ್ನ ಕೈಯ ಕೇಕಿಲ್ಲದೆ ಆಗುತ್ತಾ ಎಂದು ಸೋಮವಾರ ಕೇಳಿದ್ದವಳು ಈ ಪ್ರೂಡೆನ್ಸೇ. ಕಿಟಕಿಯ ಬಳಿ ಕಪ್ಪು ಕೋಟು ತೊಟ್ಟ ಹಿಲರಿ ಕೂತಿದ್ದಳು.

"ಮೊದಲೇ ಹೇಳಿದ್ರೆ ನೀನು ರಂಪ ಮಾಡ್ತಿದ್ದೆ," ಎಂದಳು ಪ್ರೂಡೆನ್ಸ್, ಕಪ್ಪುಗಳಿಂದ ಕಣ್ಣೆತ್ತದೆ. "ಡಾಫ್ನಿ ನಮ್ಮ ಜೊತೆ ಶಾಲೆಗೆ ಹೋದೋಳು, ಮ್ಯೂರಿಯಲ್. ಇಲ್ಲೇ ಹುಟ್ಟಿದೋಳು."

"ನಾನು ಬಂದು ಮೂವತ್ತೈದು ವರ್ಷ ಆಯ್ತು."

"ಹೌದು, ಬಂದೋಳು."

ಹಿಲರಿ ಕೈಗವಸು ಬಿಚ್ಚಿ ಮಡಿಸಿಟ್ಟಳು. "ಗೋರಿಯ ಹಕ್ಕಿನ ಕಾಗದ ನನ್ನ ಹೆಸರಲ್ಲಿದೆ. ಅಪ್ಪ ಹೋದ ದಿನ ನೀವೇ ಹೇಳಿದ್ರಿ, ಪೆನ್ನು ಹಿಡಿಯೋಕಾಗ್ತಿಲ್ಲ, ಎಲ್ಲ ನೀನೇ ನೋಡ್ಕೋ ಅಂತ. ನೋಡ್ಕೊಂಡೆ."

"ಹಾಗಾದ್ರೆ ನಾನೆಲ್ಲಿಗೆ ಹೋಗ್ಲಿ?"

"ನಿಮ್ಮ ಕಡೆಯೋರು ಬರ್ಮಿಂಗ್‌ಹ್ಯಾಮ್‌ನಲ್ಲಿದಾರಲ್ಲ."

ಪ್ರೂಡೆನ್ಸ್ ನಗು ತಡೆಯಲು ಚಮಚಗಳನ್ನು ಎಣಿಸತೊಡಗಿದಳು.

ಮ್ಯೂರಿಯಲ್ ಹಿಲರಿಯ ಎದುರಿನ ಕುರ್ಚಿ ಎಳೆದು ಕೂತಳು. ಹೂಗಳನ್ನು ಮಡಿಲಲ್ಲಿಟ್ಟುಕೊಂಡಳು. ದನಿ ಏರಲಿಲ್ಲ.

"ನಿಮ್ಮಪ್ಪ ಮಲಗಿದ್ದಾಗ ನೀನು ಫೋನ್ ಮಾಡ್ತಿದ್ದೆ. ನಿನ್ನ ಮುಖ ನೋಡೋಕೆ ಅವರಿಗಿಷ್ಟ ಇಲ್ಲ ಅಂದಿದ್ದೆ ನಾನು."

"ಈಗ ಅದೆಲ್ಲ ಯಾಕೆ?"

"ಅವರು ಹಾಗೆ ಹೇಳಿರ್ಲೇ ಇಲ್ಲ."

ಚಮಚದ ಸದ್ದು ನಿಂತಿತು.

"ಹನ್ನೊಂದು ದಿನ ನಿನ್ನನ್ನೇ ಕೇಳಿದ್ರು. ಬಾಗಿಲು ಬಡಿದ್ರೆ ಸಾಕು, ದಿಂಬಿನಿಂದ ತಲೆ ಎತ್ತೋರು, ಹಿಲರಿನಾ ಅಂತ. ಇಲ್ಲ, ಪೋಸ್ಟಿನವನು ಅಂತಿದ್ದೆ." ಮ್ಯೂರಿಯಲ್ ಹೂವಿನ ಒಂದು ಒಣಗಿದ ಎಲೆ ಕಿತ್ತು ಮೇಜಿನ ಮೇಲಿಟ್ಟಳು. "ಒಂದು ಸಲ ಬಾಗಿಲಲ್ಲಿ ನಿಜವಾಗ್ಲೂ ನೀನೇ ಇದ್ದೆ. ಆವತ್ತೂ ಅವರಿಗೆ ಪೋಸ್ಟಿನವನು ಅಂದೆ. ತಲೆ ಮತ್ತೆ ದಿಂಬಿಗಿಟ್ರು."

"ಸುಳ್ಳು," ಎಂದಳು ಹಿಲರಿ. ಆದರೆ ಆ ದಿನ ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದಾಗ ಮಹಡಿಯಿಂದ ಅವಳಿಗೆ ಯಾರದೋ ದನಿ ಕೇಳಿಸಿತ್ತು. ಅದು ರೇಡಿಯೋ ಎಂದು ಮ್ಯೂರಿಯಲ್ ಹೇಳಿದ್ದಳು. ಆ ದನಿಯನ್ನು ಮತ್ತೆ ಕೇಳಿಸಿಕೊಳ್ಳುವವಳಂತೆ ಹಿಲರಿ ತಲೆ ಓರೆ ಮಾಡಿದಳು.

"ಯಾಕೆ ಹಾಗೆ ಮಾಡ್ದೆ?" ಕೇಳಿದವಳು ಪ್ರೂಡೆನ್ಸ್.

"ಅಷ್ಟು ದಿನವಾದ್ರೂ ಅವರು ನನಗೊಬ್ಬಳಿಗೇ ಬೇಕಿತ್ತು."

ಹೊರಗೆ ಶವದ ಕಾರು ಬಂದು ನಿಂತಿತು. ನಾಲ್ವರು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಮಗಳು ಹಿಂದೆ ಬರಲೆಂದು ಹಾಲ್‌ನ ಬಾಗಿಲ ಕಡೆ ನೋಡುತ್ತ ಕಾದರು. ಪಾದ್ರಿ ಗಡಿಯಾರ ನೋಡಿಕೊಂಡರು. ಹಿಲರಿ ಏಳಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು.

ಕಲ್ಲುಗಳನ್ನು ನೋಡಲು ಬಸ್ಸಿನಲ್ಲಿ ಬಂದಿದ್ದ ಪ್ರವಾಸಿಗಳು ಇದೇನೋ ಊರಿನ ಪದ್ಧತಿಯೆಂದುಕೊಂಡು ಒಬ್ಬೊಬ್ಬರಾಗಿ ಬಂದು ಪೆಟ್ಟಿಗೆಯ ಹಿಂದೆ ಸಾಲಾಗಿ ನಿಂತರು. ಕಿತ್ತಳೆ ಬಣ್ಣದ ಮಳೆಯಂಗಿ ತೊಟ್ಟವನೊಬ್ಬ ಟೋಪಿ ತೆಗೆದು ಎದೆಗೊತ್ತಿಕೊಂಡ.