ಪಟ್ಟಿಯ ಎಂಟನೆಯ ಹೆಸರು

ವಾರದ ಪವಿತ್ರ ದಿನವಾದ ಸಬ್ಬತ್ತಿನ ಬೆಳಿಗ್ಗೆ ಯೆಹೂದಿ ಮಂದಿರದಲ್ಲಿ ಧರ್ಮಗ್ರಂಥದ ಸುರುಳಿ ಬಿಚ್ಚಿ ಓದು ಶುರುವಾಗುವಷ್ಟರಲ್ಲಿ ವಿಧವೆ ಫ್ರಾಡೆಲ್ ಹೆಂಗಸರ ಅಟ್ಟದಿಂದ ಇಳಿದು ಬಂದು ಓದುವ ಮೇಜಿನ ಮೇಲೆ ಎರಡೂ ಕೈ ಊರಿದಳು. ಅನ್ಯಾಯವಾದವರು ಹೀಗೆ ಓದು ನಿಲ್ಲಿಸಬಹುದು. ಉತ್ತರ ಸಿಗುವವರೆಗೆ ಯಾರೂ ಒಂದಕ್ಷರ ಓದುವಂತಿಲ್ಲ. ಊರಿನ ಯೆಹೂದಿಗಳ ಯಜಮಾನ ಜುಂಡೆಲ್ ಇದನ್ನು ಎಷ್ಟೋ ಸಲ ಕಂಡಿದ್ದ. ಈ ಸಲ ಮಾತ್ರ ಅವಳ ಕಣ್ಣು ತನ್ನ ಮೇಲೇ ನೆಟ್ಟಿತ್ತು.

"ನನ್ನ ಹಿರ್ಷ್‌ಲ್ ಹೆಸರು ಬರ್ದಿದ್ದು ಯಾರು, ಯಜಮಾನ್ರೇ?"

"ನಾನೇ, ತಾಯಿ."

"ಒಬ್ಬನೇ ಮಗನ್ನ ಸೈನ್ಯಕ್ಕೆ ತಗೋಬಾರ್ದು ಅಂತ ಚಕ್ರವರ್ತೀದೇ ಕಾನೂನಿದ್ಯಲ್ಲ. ಗೊತ್ತಿರ್ಲಿಲ್ವಾ?"

ಗೊತ್ತಿದ್ದೇ ಬರೆದಿದ್ದ. ಎಂಟು ಹುಡುಗರು ಬೇಕೆಂದು ಹುಕುಂ ಬಂದಿತ್ತು. ಏಳು ಹೆಸರು ಬರೆಯುವಷ್ಟರಲ್ಲಿ ಕೈ ಸೋತಿತ್ತು. ಎಂಟನೆಯದಾಗಿ ಕಾನೂನೇ ಬಿಡಿಸುವ ಹುಡುಗನ ಹೆಸರು ಹಾಕಿದರೆ ಗವರ್ನರ್ ಸಾಹೇಬರು ಆ ಹೆಸರು ಹೊಡೆದುಹಾಕುತ್ತಾರೆ, ಒಂದು ಮನೆಯಾದರೂ ಉಳಿಯುತ್ತದೆ ಎಂದುಕೊಂಡಿದ್ದ. ಪೂರಿಮ್ ಹಬ್ಬಕ್ಕೆ ತನ್ನ ಮನೆಯ ಮೀನು ತಿಂದು, ಹೆಗಲ ಮೇಲೆ ಕೈಹಾಕಿ "ಗೆಳೆಯಾ" ಎಂದವರಲ್ಲವೇ! ಆ ಒಂದು ಮಾತಿಗೆ ಉಬ್ಬಿಹೋಗಿದ್ದ ಮಂಕು ಮುದುಕ. ಸಾಹೇಬರು ಪಟ್ಟಿ ಓದದೆಯೇ ಮೊಹರು ಒತ್ತಿದ್ದರು.

"ನಾಳೆ ಸಾಹೇಬ್ರ ಹತ್ರ ಹೋಗಿ ಕೇಳ್ತೀನಿ."

"ಮಧ್ಯಾಹ್ನಾನೇ ಮಕ್ಕಳ ಗಾಡಿ ಹೊರಡುತ್ತೆ. ಈಗ್ಲೇ ಹೋಗಿ. ನಾವೆಲ್ಲ ಕಾಯ್ತೀವಿ."

ಹೋದ. ಗವರ್ನರರ ಬಾಗಿಲಲ್ಲಿ ಕಾವಲುಗಾರ ತಡೆದ.

"ಸಾಹೇಬ್ರು ಊಟಕ್ಕೆ ಕೂತವ್ರೆ."

"ಜುಂಡೆಲ್ ಬಂದಿದಾನೆ ಅಂತ ಹೇಳಪ್ಪ, ಅಷ್ಟು ಸಾಕು."

ಅವನು ಒಳಗೆ ಹೋಗಿ ಬಂದು ಹಲ್ಲು ಕಿರಿದ. "ಯಾವ ಜುಂಡೆಲ್ ಅಂದ್ರು ಕಣೋ, ಮುದುಕಾ."

ಅಷ್ಟರಲ್ಲಿ ಬೀದಿಯಲ್ಲಿ ಗಾಡಿ ಬಂತು. ಎಂಟು ಮಕ್ಕಳು, ಸುತ್ತ ಸಿಪಾಯಿಗಳು. ಹಿರ್ಷ್‌ಲ್ ಅವನನ್ನು ಕಂಡು ನಗುತ್ತಾ ಕೈಬೀಸಿದ. ಯಜಮಾನರು ಬಿಡಿಸಿಕೊಳ್ಳಲು ಬಂದಿದ್ದಾರೆಂದೇ ತಿಳಿದಿರಬೇಕು. ಜುಂಡೆಲ್ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟ.

ಮಂದಿರದಲ್ಲಿ ಒಬ್ಬರೂ ಕದಲಿರಲಿಲ್ಲ. ಸುರುಳಿ ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು. ಫ್ರಾಡೆಲ್ ಅವನ ಮುಖ ನೋಡಿದಳು. ಮೇಜಿನಿಂದ ಕೈ ತೆಗೆದಳು.

"ಓದ್ಕೊಳ್ಳಿ," ಎಂದು ಅಟ್ಟ ಹತ್ತಿದಳು.

ಓದು ಮುಗಿದ ಮೇಲೆ ಚಕ್ರವರ್ತಿಗಾಗಿ ಪ್ರಾರ್ಥನೆ. ಅದನ್ನು ಹೇಳುವುದು ಮೂವತ್ತು ವರ್ಷಗಳಿಂದ ಯಜಮಾನನದೇ ಗೌರವ. ಹೇಳುತ್ತಾನೋ ಇಲ್ಲವೋ ಎಂದು ನೋಡಲು ಹಿಂದೆ ಪೊಲೀಸಿನವನೊಬ್ಬ ನಿಂತಿದ್ದ. ದೊರೆಯ ಮನಸ್ಸಿನಲ್ಲಿ ನಮ್ಮ ಮೇಲೆ ಕರುಣೆ ಹುಟ್ಟಲಿ ಎಂಬಲ್ಲಿಗೆ ಬರುವಾಗ ಜುಂಡೆಲ್ ಒಂದು ಸಲ ಅಟ್ಟದ ಕಡೆ ನೋಡಿದ. ಹೇಗೋ ಮುಗಿಸಿದ. ಕೊನೆಗೆ ಎಲ್ಲರೂ ದನಿಗೂಡಿಸಬೇಕಿತ್ತು; ಯಾರೂ ಗೂಡಿಸಲಿಲ್ಲ.

ಮೇಲಿನ ಅಟ್ಟದಿಂದ ಒಂದೇ ಒಂದು ದನಿ ಬಂತು.

"ಆಮೆನ್."

ಫ್ರಾಡೆಲಳದು. ಅವಳ ಮಗು ಈಗ ಆ ದೊರೆಯ ಕೈಯಲ್ಲಿತ್ತು.