ಜಿಂಕೆಗಳಿದ್ದ ಖಾಲಿ ಚಿತ್ರಗಳು

ಹರುಕಿವಿ ಕಾಣದೆ ಮೂರು ತಿಂಗಳಾಗಿತ್ತು. ಎಡಗಿವಿ ಹರಿದಿದ್ದ ಆ ಹೆಣ್ಣುಹುಲಿಗೆ ಹೆಸರಿಟ್ಟವರು ನನ್ನ ದೊಡ್ಡಪ್ಪ. ಕಾಡಿನಲ್ಲಿ ಹೆಜ್ಜೆಗುರುತು ಹುಡುಕುವುದು ಅವರ ಕೆಲಸ. ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ತೆಗೆದ ಚಿತ್ರಗಳನ್ನು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೂತು ವಿಂಗಡಿಸುವುದು ನನ್ನದು. ಶುಕ್ರವಾರದೊಳಗೆ ಸುಳಿವು ಸಿಗದಿದ್ದರೆ ನಮ್ಮ ಸಾಹೇಬರು ಹುಲಿಗಳ ಪಟ್ಟಿಯಲ್ಲಿ ‘ಸತ್ತಿದೆ’ ಎಂದು ಬರೆಯುವವರಿದ್ದರು.

"ಅವಳು ಆ ಕಣಿವೆ ಬಿಟ್ಟು ಹೋಗೋಳಲ್ಲ. ಆರು ವರ್ಷದಿಂದ ನೋಡಿದೀನಿ," ಎಂದು ದೊಡ್ಡಪ್ಪ ದಿನವೂ ಕಣಿವೆಯನ್ನೇ ಸೋಸಿ ಬರಿಗೈಯಲ್ಲಿ ಬರುತ್ತಿದ್ದರು.

ನಮ್ಮ ಕಚೇರಿಯದೊಂದು ಪದ್ಧತಿ. ಹುಲಿಯಿದ್ದ ಚಿತ್ರ ಒಂದು ಕಡೆ. ಜಿಂಕೆ, ಕಡವೆ, ಹಂದಿ, ಗಾಳಿಗೆ ಅಲುಗಿದ ಸೊಪ್ಪು ಎಲ್ಲ ‘ಖಾಲಿ’ ಎಂಬ ಫೋಲ್ಡರಿಗೆ. ತಿಂಗಳ ಕೊನೆಗೆ ಅದನ್ನು ಅಳಿಸಬೇಕು. ಸಾವಿರಾರು ಜಿಂಕೆಗಳನ್ನು ಖಾಲಿ ಎಂದು ಬದಿಗೆ ತಳ್ಳಿದ ಜಾಣೆ ನಾನೇ. ಪುಣ್ಯಕ್ಕೆ ಸೋಮಾರಿಯೂ ಹೌದು, ಐದು ತಿಂಗಳಿಂದ ಏನನ್ನೂ ಅಳಿಸಿರಲಿಲ್ಲ.

ಬುಧವಾರ ಅಳಿಸಲು ಕೂತಾಗ ಕಣ್ಣಿಗೆ ಬಿತ್ತು. ಮೊದಲ ತಿಂಗಳು ಕಣಿವೆಯಲ್ಲಿ ಜಿಂಕೆಗಳು ಹಿಂಡು ಹಿಂಡು. ಬರಬರುತ್ತಾ ಹುಲ್ಲನ್ನೆಲ್ಲ ಮುಳ್ಳುಕಳೆ ನುಂಗಿತ್ತು. ಈ ತಿಂಗಳು ಒಂದೇ ಒಂದು ಜಿಂಕೆಯಿಲ್ಲ.

"ದೊಡ್ಡಪ್ಪಾ, ಈಗ ಹುಲ್ಲು ಎಲ್ಲಿದೆ?"

"ಹಳ್ಳದಾಚೆ. ಬೆಂಕಿ ಬಿದ್ದಿತ್ತಲ್ಲ, ಹೊಸದು ಚಿಗುರಿದೆ. ನೀರಿದೆ, ಅವಿತುಕೊಳ್ಳೋಕೆ ಜೊಂಡೂ ಇದೆ..." ಹೇಳುತ್ತಲೇ ಹಣೆ ಚಚ್ಚಿಕೊಂಡರು. "ನನ್ನ ಬುದ್ಧಿಗಿಷ್ಟು! ಹುಲಿ ಹೆಜ್ಜೆ ಹುಡುಕಿದ್ನೇ ಹೊರತು ಜಿಂಕೆಗಳು ಎತ್ತ ಹೋದ್ವು ಅಂತ ನೋಡ್ಲೇ ಇಲ್ಲ."

ಹಳ್ಳದಾಚೆ ನಮ್ಮದೊಂದು ಕ್ಯಾಮೆರಾವೂ ಇರಲಿಲ್ಲ. ದೊಡ್ಡಪ್ಪ ಅಂದೇ ಹೋಗಿ ಎರಡು ಕಟ್ಟಿ ಬಂದರು.

ಶುಕ್ರವಾರ ಬೆಳಿಗ್ಗೆ ಆ ಕ್ಯಾಮೆರಾಗಳ ಮೆಮೊರಿ ಕಾರ್ಡು ತಂದುಕೊಟ್ಟರು. ಸಾಹೇಬರೂ ಬಂದು ನನ್ನ ಬೆನ್ನ ಹಿಂದೆ ನಿಂತರು. ಜಿಂಕೆ. ಮತ್ತೆ ಜಿಂಕೆ. ಕಡವೆ. ಆಮೇಲೆ ಜೊಂಡಿನ ಅಂಚಿನಲ್ಲಿ ಒಂದು ಹರಿದ ಕಿವಿ. ಅದರ ಹಿಂದೆ, ಒಂದರ ಬಾಲ ಒಂದು ಕಚ್ಚಿಕೊಂಡು, ಎರಡು ಮರಿಗಳು.

ನನಗೆ ಹೋದ ಜೀವ ಬಂದಂತಾಯಿತು.

"ಅಲ್ರೀ, ಇಷ್ಟು ದಿನ ಯಾಕೆ ಸಿಗಲಿಲ್ಲ ಇದು?" ಎಂದರು ಸಾಹೇಬರು.

"ಬಸುರಿಯಾದವಳು ಹೊಟ್ಟೆ ತುಂಬೋ ಕಡೆ ಹೋಗ್ತಾಳೆ ಸಾರ್, ನಾವು ಕ್ಯಾಮೆರಾ ಕಟ್ಟಿರೋ ಕಡೆ ಬರ್ತಾಳಾ?" ಎಂದು ನಕ್ಕರು ದೊಡ್ಡಪ್ಪ. ನಗುನಗುತ್ತಲೇ ಕುರ್ಚಿಯಲ್ಲಿ ಕುಸಿದು ಕೂತು, ಸಾಹೇಬರ ಎದುರಲ್ಲೇ, ಯಾವ ಸಂಕೋಚವೂ ಇಲ್ಲದೆ ಅತ್ತುಬಿಟ್ಟರು.